ಬಚ್ಚಲೊಲೆಯ ಬೂದಿ

ಶಿರ್ವದ ಆ ಓಣಿಯಲ್ಲಿ ಕಟ್ಟಿಗೆ ಒಲೆ ಉಳಿದದ್ದು ಆಯಿಶಮ್ಮನ ಮನೆಯಲ್ಲಿ ಮಾತ್ರ. ಉಳಿದವರೆಲ್ಲ ಗ್ಯಾಸು, ಗೀಸರು, ಸೋಲಾರು ಎಂದು ಮುಂದೆ ಹೋಗಿದ್ದರು. ಅವಳ ಮಗ ಅನ್ಸಾರ್ ಕೂಡ ಗಲ್ಫಿನಿಂದ ಫೋನು ಮಾಡಿದಾಗಲೆಲ್ಲ ಬಚ್ಚಲಿಗೆ ಗೀಸರು ಹಾಕಿಸುತ್ತೇನೆ ಎನ್ನುತ್ತಿದ್ದ. ಹಂಡೆಯ ನೀರಿನಲ್ಲಿ ಮಿಂದು ಬೆಳೆದ ಮೈಗೆ ನಲ್ಲಿಯ ಬಿಸಿನೀರು ಹಿಡಿಸುವುದಿಲ್ಲ ಎಂದು ಆಯಿಶಮ್ಮ ಹಟ ಹಿಡಿದಿದ್ದಳು. ಹಿತ್ತಿಲ ಬದಿಯಲ್ಲಿ ಮಣ್ಣಿನ ಬಚ್ಚಲೊಲೆ, ಅದರ ಮೇಲೆ ಮಸಿ ಹಿಡಿದ ಹಂಡೆ. ಬೆಳಿಗ್ಗೆ ಅದಕ್ಕೆ ಬೆಂಕಿ ಹಾಕದಿದ್ದರೆ ಅವಳಿಗೆ ದಿನ ಶುರುವಾದಂತೆಯೇ ಅನ್ನಿಸುತ್ತಿರಲಿಲ್ಲ.

ಆ ಒಲೆಗೆ ತೆಂಗಿನ ಮಡಲು, ಸಿಪ್ಪೆ, ಗೆರಟೆ ಹಾಕುವುದು ಸರಿ. ಅಷ್ಟನ್ನೇ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹಾಲಿನ ತೊಟ್ಟೆ, ಬಿಸ್ಕಿಟಿನ ಕವರು, ಮಾತ್ರೆ ಮುಗಿದ ಪಟ್ಟಿ, ಬಾರು ಕಿತ್ತ ಚಪ್ಪಲಿ, ಮೊಮ್ಮಗಳು ರಿಝಾನಾಳ ಪ್ಯಾಂಪರ್ಸು ಎಲ್ಲವೂ ಅದರ ಬಾಯಿಗೇ ಹೋಗುತ್ತಿದ್ದವು. ಪಂಚಾಯತಿನ ಕಸದ ಗಾಡಿ ಓಣಿಗೆ ಬರುತ್ತಿತ್ತು. ಆದರೆ ತೊಟ್ಟೆಗಳನ್ನು ತೊಳೆದು, ಒಣಗಿಸಿ, ಬೇರೆ ಬೇರೆ ಮಾಡಿ ಕೊಡಬೇಕು. ಕಸವನ್ನು ಮೀಯಿಸಿ ಮದುಮಗಳ ಹಾಗೆ ಕಳಿಸಿಕೊಡಲು ಯಾರಿಗೆ ಪುರುಸೊತ್ತು? ಒಲೆಗೆ ಹಾಕಿದರೆ ಕಸವೂ ಮುಗಿಯಿತು, ನೀರೂ ಕಾಯಿತು. ಹೊಗೆ ಕರ್ರಗೆ ಎದ್ದ ದಿನ ಸೊಸೆ ಶಮ್ನಾ ಮೂಗು ಮುಚ್ಚಿಕೊಂಡು ಬಂದು, “ಉಮ್ಮ, ಎಂತ ಹಾಕಿದ್ದು?” ಎಂದು ಕೇಳುವಳು. ಆಯಿಶಮ್ಮ ತಿರುಗಿಯೂ ನೋಡದೆ, “ಹಸಿ ಸಿಪ್ಪೆ” ಎಂದುಬಿಡುವಳು.

ಅವಳು ಹುಟ್ಟಿದ್ದು ಹೆಜಮಾಡಿಯಲ್ಲಿ. ಉಳಿದ ಮಕ್ಕಳು ಅಕ್ಷರ ತಿದ್ದುವ ವಯಸ್ಸಿನಲ್ಲಿ ಬೀಡಿ ಕಟ್ಟಲು ಕಲಿತಳು. ಸೈಕಲ್ಲಿನಲ್ಲಿ ಮೀನು ಮಾರುತ್ತಿದ್ದ ಪುತ್ತುಬ್ಬನನ್ನು ಮದುವೆಯಾಗಿ ಶಿರ್ವಕ್ಕೆ ಬಂದಾಗ ಬೀಡಿಯ ಮೊರ, ಕತ್ತರಿಗಳೂ ಜೊತೆಗೆ ಬಂದವು. ಅನ್ಸಾರ್ ಶಾಲೆಗೆ ಹೋಗುತ್ತಿರುವಾಗಲೇ ಪುತ್ತುಬ್ಬ ಹಾಸಿಗೆ ಹಿಡಿದ. ಆಗ ದಿನವೂ ಬಂದು ಇಂಜೆಕ್ಷನ್ ಕೊಟ್ಟು ಹೋದವಳು ಪಕ್ಕದ ಮನೆಯ ನರ್ಸ್ ಝೀಟಾ. ಪುತ್ತುಬ್ಬ ತೀರಿಕೊಂಡ ಮೇಲೆ ಅನ್ಸಾರನ ಯೂನಿಫಾರಂ, ಪುಸ್ತಕ, ಜ್ವರದ ಮದ್ದು ಎಲ್ಲವೂ ಆ ಮನೆಯಿಂದಲೇ ಬಂದವು. ಝೀಟಾ ಒಮ್ಮೆಯೂ ಅದನ್ನು ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ಆಯಿಶಮ್ಮನಿಗೆ ಸ್ವಲ್ಪ ಹಗುರವಾದರೂ ಆಗುತ್ತಿತ್ತು. ಈದಿನ ಪೆರ್ನಾಳಿಗೆ ಬಿರಿಯಾನಿ ಕಳಿಸಿ ಋಣ ತೀರಿಸೋಣವೆಂದರೆ, ಕ್ರಿಸ್ಮಸಿಗೆ ಆ ಕಡೆಯಿಂದ ಇಮ್ಮಡಿ ಕುಸ್ವಾರ್ ತಿಂಡಿ ಬಂದು ಕೂರುತ್ತಿತ್ತು. ಕೊಡುವ ಕೈ ಯಾವಾಗಲೂ ಆ ಮನೆಯದು, ಚಾಚುವ ಕೈ ಈ ಮನೆಯದು.

ಝೀಟಾ ಹೊನ್ನಾವರದ ಕಡೆಯವಳು. ಅವಳ ಕೊಂಕಣಿ ಇವಳಿಗೆ ಬಾರದು, ಇವಳ ಬ್ಯಾರಿ ಅವಳಿಗೆ ಬಾರದು. ಹಾಗಾಗಿ ಇಬ್ಬರ ಸ್ನೇಹವೂ ಕನ್ನಡದಲ್ಲೇ ನಡೆದಿತ್ತು. ಇವಳು ಅವಳನ್ನು ಕ್ರಿಸ್ತರ ಹೆಂಗಸರಿಗೆ ಹೇಳುವಂತೆ ‘ಬಾಯಿ’ ಎನ್ನುವಳು, ಅವಳು ಇವಳನ್ನು ಆಯಿಶಕ್ಕ ಎನ್ನುವಳು. ಝೀಟಾಳ ಗಂಡ ಜೋಕಿಮ್ ಕುವೈತಿನಿಂದ ಹಿಂದೆ ಬಂದದ್ದು ಹೊಟ್ಟೆಯ ಕಾಯಿಲೆ ಹೊತ್ತುಕೊಂಡು. ಮಣಿಪಾಲದಲ್ಲಿ ಆಪರೇಷನ್ ಆಗಿ, ಆಳು ಅರ್ಧವಾಗಿ ಮನೆಗೆ ಮರಳಿದ. ಅಂದಿನಿಂದ ಝೀಟಾ ವಿಷ ಹೊಡೆದ ಅಂಗಡಿಯ ತರಕಾರಿ ಮನೆಯೊಳಗೆ ಬಿಡಲಿಲ್ಲ. ಹಿತ್ತಿಲಲ್ಲಿ ತಾನೇ ಹರಿವೆ, ಬೆಂಡೆ, ಬಸಳೆ ಬೆಳೆದಳು. ಜೋಕಿಮ್‌ಗೆ ಪ್ರೀತಿ ಎಂದು ಎರಡು ಸಾಲು ಅಲಸಂಡೆ ಹಾಕಿದಳು.

ಮಳೆಗಾಲ ಮುಗಿದು ಇಬ್ಬನಿ ಬೀಳತೊಡಗಿದ ಒಂದು ಬೆಳಿಗ್ಗೆ ಅವಳು ಎರಡು ಹಿತ್ತಿಲ ನಡುವಿನ ಪಾಗಾರದ ಗೋಡೆಯಾಚೆಯಿಂದ ಕರೆದಳು.

“ಆಯಿಶಕ್ಕಾ, ಬನ್ನಿ ಇಲ್ಲಿ. ಅಲಸಂಡೆಗೆಲ್ಲ ಹೇನು ಹತ್ತಿದೆ.”

ಎಳೆ ಕುಡಿಗಳ ಮೇಲೆ, ಹೂವಿನ ತೊಟ್ಟಿನ ಮೇಲೆ ಕರಿ ಹೇನು ಒತ್ತೊತ್ತಾಗಿ ಕೂತು ರಸ ಹೀರುತ್ತಿತ್ತು. ಎಲೆಗಳು ಮುದುಡಿದ್ದವು. ಹೇನು ಸುರಿಸುವ ಸಿಹಿಗೆ ಇರುವೆಗಳು ಬಳ್ಳಿಯುದ್ದಕ್ಕೂ ಹತ್ತಿ ಇಳಿಯುತ್ತಿದ್ದವು.

“ಹೊಗೆಸೊಪ್ಪಿನ ನೀರು ಹೊಡೆದರೆ ಒಂದೂ ಉಳಿಯುವುದಿಲ್ಲ ಬಾಯಿ,” ಎಂದಳು ಆಯಿಶಮ್ಮ. “ನನ್ನ ಹತ್ತಿರ ಬೀಡಿಯ ಪುಡಿ ಉಂಟು.”

“ಅದೂ ವಿಷವೇ ಅಲ್ವಾ? ಜೋಕಿಮ್‌ನ ಹೊಟ್ಟೆಗೆ ಬೇಡ. ಸ್ವಲ್ಪ ಬೂದಿ ಸಿಕ್ಕಿದ್ದರೆ ಸಾಕಿತ್ತು. ಬೂದಿಗೂ ಬರಗಾಲ ಬಂತು ನೋಡಿ ಈ ಊರಿಗೆ.”

ಆಯಿಶಮ್ಮನ ಮುಖ ಅರಳಿತು. “ಬೂದಿಯಾ? ನನ್ನ ಒಲೆಯಲ್ಲಿ ಬೇಕಾದಷ್ಟು ಉಂಟು!”

ಬಿಸ್ಕಿಟಿನ ಡಬ್ಬದಲ್ಲಿ ಬೂದಿ ತುಂಬಿ ಪಾಗಾರದ ಮೇಲಿಂದ ಕೊಟ್ಟಾಗ ಅವಳ ಕೈ ಮೇಲಿತ್ತು, ಝೀಟಾಳ ಕೈ ಕೆಳಗಿತ್ತು. ಇಷ್ಟು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ಝೀಟಾ ಬೂದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಇಬ್ಬನಿ ಆರುವ ಮುಂಚೆ ಬಳ್ಳಿಗಳ ಮೇಲೆ ತಟ್ಟಿದಳು. ಬುಡದ ಸುತ್ತ ಬಳೆಯ ಹಾಗೆ ಸುರಿದಳು. ಮರುದಿನ ನೀರು ಚಿಮುಕಿಸಿ ತೊಳೆದಳು. ನಾಲ್ಕು ಸಲ ಹೀಗೆ ಮಾಡುವುದರೊಳಗೆ ಹೇನು ಇಳಿಮುಖವಾಯಿತು, ಇರುವೆಗಳು ದಾರಿ ತಪ್ಪಿದವು, ಬಳ್ಳಿ ಹೊಸ ಕುಡಿ ಹಾಕಿತು. ಇಗರ್ಜಿಯಿಂದ ಬರುವ ಹೆಂಗಸರ ಮುಂದೆಲ್ಲ ಝೀಟಾ, “ಬೂದಿ ಅಂದರೆ ನಮ್ಮ ಆಯಿಶಕ್ಕನ ಬೂದಿ” ಎಂದು ಹೊಗಳಿದಳು. ಆಯಿಶಮ್ಮ ಪಾಗಾರದ ಈಚೆ ನಿಂತು ಕೇಳಿ ಉಬ್ಬಿದಳು.

ಹಾಲಿನ ತೊಟ್ಟೆ, ಪ್ಯಾಂಪರ್ಸು ನೆನಪಾಗಲಿಲ್ಲವೇ? ಆಯಿತು. ಡಬ್ಬಕ್ಕೆ ತುಂಬುವಾಗಲೇ ನೆನಪಾಯಿತು. ಬೆಂಕಿಗೆ ಬಿದ್ದ ಮೇಲೆ ಎಲ್ಲವೂ ಒಂದೇ, ಬೂದಿ ಬೂದಿಯೇ, ಎಂದು ತನಗೆ ತಾನೇ ಹೇಳಿಕೊಂಡಳು. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನೆಗೆ ಕೊಡಲು ಏನೋ ಸಿಕ್ಕಿರುವಾಗ ಅದನ್ನು ಕೆದಕಿ ನೋಡುವ ಮನಸ್ಸು ಯಾರಿಗೆ ಬರುತ್ತದೆ?

ಒಂದು ದಿನ ಝೀಟಾ ಅವಳೆದುರಿಗೇ ಬೂದಿ ಜರಡಿ ಹಿಡಿಯುತ್ತಿದ್ದಳು. ಜರಡಿಯಲ್ಲಿ ಕರಿಯ ಗಡ್ಡೆಯೊಂದು ಉಳಿಯಿತು. ಕರಗಿ ಗಟ್ಟಿಯಾದ ಪ್ಲಾಸ್ಟಿಕ್, ಅದರ ಮೈಗೆ ಅಂಟಿಕೊಂಡ ಮಾತ್ರೆಪಟ್ಟಿಯ ಬೆಳ್ಳಿ ಚೂರು. ಝೀಟಾ ಅದನ್ನು ಅಂಗೈಯಲ್ಲಿ ತಿರುಗಿಸಿದಳು.

“ಇದೆಂತ ಆಯಿಶಕ್ಕ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಆಯಿಶಮ್ಮನ ಕೈ ತಾನಾಗಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಿತು. “ಮಗು ಎಸೆದಿರಬೇಕು ಬಾಯಿ,” ಎಂದಳು. “ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ಹಾಕುತ್ತಾಳೆ.”

“ಅಯ್ಯೋ, ಒಲೆಯ ಹತ್ತಿರ ಬಿಡಬೇಡಿ! ಕೈ ಸುಟ್ಟುಕೊಂಡರೆ?” ಝೀಟಾ ಗಡ್ಡೆಯನ್ನು ಆಚೆ ಎಸೆದು, ಉಳಿದ ಬೂದಿಯನ್ನು ಬಟ್ಟೆಗೆ ಕಟ್ಟಿಕೊಂಡಳು. ಸಂಜೆ ರಿಝಾನಾಳಿಗೆಂದು ಕೆಂಪು ಚೆಂಡೊಂದನ್ನು ತಂದುಕೊಟ್ಟು, “ಒಲೆ ಬಿಟ್ಟು ಇದರ ಜೊತೆ ಆಡು, ಆಯ್ತಾ ಚಿನ್ನ?” ಎಂದು ಕೆನ್ನೆ ಹಿಂಡಿ ಹೋದಳು.

ಮಾತು ಸರಿಯಾಗಿ ಬಾರದ ಮಗುವಿನ ತಲೆಗೆ ತನ್ನ ತಪ್ಪು ಕಟ್ಟಿದ್ದಾಯಿತು. ಅದಕ್ಕೆ ಚೆಂಡೂ ಬಂತು. ಆ ಚೆಂಡು ಅಂಗಳದಲ್ಲಿ ಉರುಳಿದಾಗಲೆಲ್ಲ ಆಯಿಶಮ್ಮ ಮುಖ ತಿರುಗಿಸಿದಳು. ಒಲೆಯನ್ನು ಬುಡದವರೆಗೆ ಕೆರೆದು ತೆಗೆದಳು. ಅಂದಿನಿಂದ ಸಿಪ್ಪೆ ಮಡಲು ಬಿಟ್ಟು ಬೇರೇನನ್ನೂ ಅದಕ್ಕೆ ಹಾಕಲಿಲ್ಲ. ಇನ್ನು ಮುಂದಿನದು ಸರಿಯಾಯಿತು, ಆದರೆ ಈಗಾಗಲೇ ಬಳ್ಳಿಗೆ ತಟ್ಟಿದ್ದು? ಹೇಳಿಬಿಡಬೇಕೆಂದು ದಿನವೂ ಪಾಗಾರದವರೆಗೆ ಹೋಗುವಳು, “ಇವತ್ತು ಬಿಸಿಲು ಜೋರು” ಎಂದು ಹೇಳಿ ಹಿಂದೆ ಬರುವಳು. ಬಾಯಿಯೊಳಗಿನ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಲಸಂಡೆ ಕೈಗೆ ಬಂತು. ಮೊದಲ ಕೊಯ್ಲಿನಲ್ಲಿ ಒಂದು ದೊಡ್ಡ ಕಟ್ಟು ಆಯಿಶಮ್ಮನ ಮನೆಗೆ ಬಂತು. ಬೂದಿ ಕೊಟ್ಟವರಿಗೆ ಮೊದಲ ಪಾಲು ಎಂದಳಂತೆ ಝೀಟಾ. ಶಮ್ನಾ ಅದನ್ನು ಹೆಚ್ಚಿ, ತೆಂಗಿನಕಾಯಿ ತುರಿ ಹಾಕಿ ಪಲ್ಯ ಮಾಡಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ರಿಝಾನಾಳ ಅನ್ನಕ್ಕೂ ಒಂದು ಚಮಚ ಬಡಿಸಿದಳು. ಮಗು ಎರಡು ಬೆರಳಲ್ಲಿ ಒಂದು ತುಂಡನ್ನು ಎತ್ತಿ ಬಾಯಿಗೆ ಒಯ್ಯಿತು.

ಆಯಿಶಮ್ಮ ಥಟ್ಟನೆ ಕೈ ಚಾಚಿ ಅದನ್ನು ಕಸಿದುಕೊಂಡಳು. ತಟ್ಟೆಯನ್ನೂ ಎಳೆದುಕೊಂಡಳು.

“ಅವಳಿಗೆ ಬೇಡ.”

“ಯಾಕೆ ಉಮ್ಮ? ಖಾರ ಹಾಕಲಿಲ್ಲ ನಾನು.”

ಮಗು ಅಳತೊಡಗಿತು. ಆಯಿಶಮ್ಮ ಕೈಯೊಳಗಿನ ಅಲಸಂಡೆ ತುಂಡನ್ನೇ ನೋಡುತ್ತ ಕೂತಳು. ತನ್ನ ಮೊಮ್ಮಗಳಿಗೆ ಆಗದ್ದು ಹೊಟ್ಟೆ ಕೊಯ್ಸಿಕೊಂಡ ಜೋಕಿಮ್‌ಗೆ ಆಗುತ್ತದೆಯೇ? ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಣ್ಣುವವನು ಇನ್ನೊಬ್ಬ. ಕೈ ತೊಳೆಯದೆ ಎದ್ದು, ಗೇಟು ದಾಟಿ ಓಡಿದಳು.

ಪಕ್ಕದ ಮನೆಯಲ್ಲಿ ಜೋಕಿಮ್ ಗಂಜಿಗೆ ಕೂತಿದ್ದ. ತಟ್ಟೆಯ ಬದಿಯಲ್ಲಿ ಅಲಸಂಡೆ ಪಲ್ಯ, ಆಗಲೇ ಅರ್ಧ ಮುಗಿದಿತ್ತು. “ಬನ್ನಿ ಬನ್ನಿ ಆಯಿಶಮ್ಮ,” ಎಂದು ನಕ್ಕ. “ನಿಮ್ಮ ಬೂದಿಯ ಪುಣ್ಯ, ಬಹಳ ದಿನದ ಮೇಲೆ ನಾಲಿಗೆಗೆ ರುಚಿ ಸಿಕ್ಕಿತು.”

“ತಿನ್ನಬೇಡಿ,” ಎಂದಳು ಆಯಿಶಮ್ಮ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು. ಒಲೆಗೆ ಏನೇನು ಹಾಕುತ್ತಿದ್ದೆ ಎಂದಳು. ಕೊಡುವಾಗಲೇ ಗೊತ್ತಿತ್ತು ಎಂದಳು. ಜರಡಿಯಲ್ಲಿ ಸಿಕ್ಕಿದ ಗಡ್ಡೆ ಮಗುವಿನದಲ್ಲ, ತನ್ನದೇ ಎಂದಳು. ಪ್ಯಾಂಪರ್ಸ್ ಎನ್ನುವಾಗ ಅವಳ ಸ್ವರ ಕೇಳಿಸದಷ್ಟು ಸಣ್ಣದಾಯಿತು.

ಜೋಕಿಮ್ ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ಕೆಳಗಿಟ್ಟ. ಝೀಟಾ ತಟ್ಟೆಯಲ್ಲಿ ಉಳಿದ ಪಲ್ಯ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು.

“ಮಗುವಿಗೆ ಕೊಟ್ಟಿರಾ ಇದನ್ನು?”

ಕೊಟ್ಟೆ ಎಂದಿದ್ದರೆ ಹಳ್ಳಿಯ ಹೆಂಗಸು, ಅದು ವಿಷವೆಂದು ತಿಳಿಯದೆ ಮಾಡಿದ್ದು ಎಂದು ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ಆಯಿಶಮ್ಮನಿಗೂ ಹೊಳೆಯಿತು.

“ಇಲ್ಲ,” ಎಂದಳು.

ಝೀಟಾ ಗಂಡನ ಮುಂದಿನ ತಟ್ಟೆ ಎತ್ತಿಕೊಂಡಳು. “ಹೋಗಿ ಬನ್ನಿ ಆಯಿಶಮ್ಮ,” ಎಂದು ಒಳಗೆ ಹೋದಳು. ಬೈಗುಳವಿಲ್ಲ, ಕೂಗಾಟವಿಲ್ಲ. ಆಯಿಶಕ್ಕ ಎನ್ನಲಿಲ್ಲ, ಅಷ್ಟೇ.

ಸಂಜೆಯೊಳಗೆ ಅಲಸಂಡೆಯ ಎರಡೂ ಸಾಲು ಬುಡಸಮೇತ ಕಿತ್ತುಹೋಗಿತ್ತು. ಬಿಸ್ಕಿಟಿನ ಡಬ್ಬ ತೊಳೆದು ಪಾಗಾರದ ಮೇಲೆ ಕವುಚಿ ಇಟ್ಟಿತ್ತು. ಜೋಕಿಮ್‌ಗೆ ಏನೂ ಆಗಲಿಲ್ಲ, ಗೇಟಿನ ಬಳಿ ಸಿಕ್ಕಾಗ ಮೊದಲಿನಂತೆ ನಗುತ್ತಿದ್ದ. ಆ ನಗುವಿಗೆ ಹೇಗೆ ಮುಖ ಕೊಡುವುದೆಂದು ತಿಳಿಯದೆ ಆಯಿಶಮ್ಮ ಸುತ್ತು ದಾರಿಯಲ್ಲಿ ಅಂಗಡಿಗೆ ಹೋಗತೊಡಗಿದಳು. ಹಾಲಿನ ತೊಟ್ಟೆಗಳನ್ನು ತೊಳೆದು ಹಗ್ಗದ ಮೇಲೆ ಒಣಗಲು ಹಾಕಿ, ಕಸದ ಗಾಡಿ ಬಂದಾಗ ತಾನೇ ಕೊಟ್ಟಳು.

ಝೀಟಾ ಆ ಮಣ್ಣು ಬಿಟ್ಟು ಇನ್ನೊಂದು ಬದಿಯಲ್ಲಿ ಹೊಸ ಬೀಜ ಹಾಕಿದಳು. ಬಳ್ಳಿ ಹಬ್ಬಿತು. ಮೋಡ ಮುಚ್ಚಿದ ಒಂದು ವಾರ ಮತ್ತೆ ಹೇನು ಬಂತು. ಝೀಟಾ ಒಬ್ಬಳೇ ಅಂಟುವಾಳದ ನೊರೆನೀರಿನ ಬಕೆಟ್ ಇಟ್ಟುಕೊಂಡು, ಜಾರುವ ಕನ್ನಡಕ ಸರಿಮಾಡಿಕೊಳ್ಳುತ್ತ, ಒಂದೊಂದೇ ಕುಡಿಯನ್ನು ಬೆರಳಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಆಯಿಶಮ್ಮ ಪಾಗಾರದ ಈಚೆ ನಿಂತು ನೋಡಿದಳು. ಕೊಡಲು ಈಗ ಅವಳ ಹತ್ತಿರ ಏನೂ ಇರಲಿಲ್ಲ. ಬೀಡಿ ಕಟ್ಟಿದ ಹತ್ತು ಬೆರಳು ಮಾತ್ರ ಇದ್ದವು.

ಗೇಟು ಸುತ್ತಿ ಹೋಗಿ, ಸಾಲಿನ ಇನ್ನೊಂದು ತುದಿಯಲ್ಲಿ ಕೂತಳು. ಝೀಟಾ ತಲೆ ಎತ್ತಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಬಕೆಟನ್ನು ಇಬ್ಬರ ನಡುವೆ ಸರಿಸಿದಳು.

“ಎಲೆಯ ಅಡಿಯೂ ನೋಡಿ ಆಯಿಶಮ್ಮ,” ಎಂದಳು.

ಹೆಸರಿನ ಕೊನೆಯ ‘ಅಕ್ಕ’ ಇನ್ನೂ ಹಿಂದೆ ಬಂದಿರಲಿಲ್ಲ. ಬರಲಿ ಎಂದು ಕೇಳುವ ಮುಖವೂ ಆಯಿಶಮ್ಮನಿಗಿರಲಿಲ್ಲ. ಅವಳು ತಲೆ ತಗ್ಗಿಸಿ, ಒಂದೊಂದೇ ಎಲೆಯನ್ನು ಮಗುಚಿ ಅದರ ಅಡಿಯನ್ನು ನೋಡತೊಡಗಿದಳು.