ಶೀನಪ್ಪಣ್ಣನ ಮುಂದಿನ ಸೀಟು

ಸವಣೂರು ಪೇಟೆಯಿಂದ ಪುತ್ತೂರು ರೈಲ್ವೆ ಸ್ಟೇಷನ್ನಿಗೆ ಬೆಳಿಗ್ಗೆ ಏಳಕ್ಕೆ ಹೊರಡುವ ಓಮ್ನಿ ಕಾರು ಶೀನಪ್ಪಣ್ಣನದು. ಮಂಗಳೂರಿನ ರೈಲು ಹಿಡಿಯಬೇಕಾದ ನಮ್ಮಂಥವರಿಗೆ ಅದೇ ಗತಿ. ಅನಂತರದ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತು ನಿಂತು ಪುತ್ತೂರಿನ ದರ್ಬೆ ಮುಟ್ಟುವಾಗ ರೈಲು ಹೋಗಿಯಾಗಿರುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ತನ್ನ ಕಾರಿನಲ್ಲಿ ಕೂತ ಒಬ್ಬರಿಗೂ ರೈಲು ತಪ್ಪಿಲ್ಲ ಎಂಬುದು ಶೀನಪ್ಪಣ್ಣನ ಹೆಚ್ಚುಗಾರಿಕೆ. ಅರುವತ್ತರ ಹತ್ತಿರದ ಮನುಷ್ಯ. ಖಾಕಿ ಅಂಗಿ, ಕಿಸೆಯಲ್ಲಿ ಮಡಚಿಟ್ಟ ಕೈವಸ್ತ್ರ. ಮಳೆ ಬರಲಿ, ಚಳಿ ಬರಲಿ, ಅವರ ಬದಿಯ ಗಾಜು ಮಾತ್ರ ಇಳಿದೇ ಇರುತ್ತದೆ.

"ಗಾಜು ಹಾಕಿದ್ರೆ ರಸ್ತೆಯ ವಾಸನೆ ಬರುದಿಲ್ಲ ಅಕ್ಕ" ಎನ್ನುತ್ತಿದ್ದರು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ವಾಸನೆ ಬಂದರೆ ಭಕ್ತಕೋಡಿಯ ತಿರುವು, ಹೊಳೆಯ ತಣ್ಣನೆ ಗಾಳಿ ಬಡಿದರೆ ಸರ್ವೆಯ ಸಂಕ. ತಮಾಷೆಯ ಮನುಷ್ಯ, ಇದೂ ಒಂದು ತಮಾಷೆ ಎಂದುಕೊಂಡಿದ್ದೆ.

ನಾನು ಮೈಸೂರಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಸವಣೂರಿಗೆ ಬಂದು ನಾಲ್ಕು ವರ್ಷ. ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ವರದಿ ಟೈಪ್ ಮಾಡುವ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ತಿಂಗಳಲ್ಲಿ ಮೂರು ಸಲ ತಡವಾದರೆ ಮ್ಯಾನೇಜರ್ ಕೋಣೆಗೆ ಕರೆಯುತ್ತಾರೆ. ಗಂಡ ಶ್ರೀಶ ಪಂಪ್ ರಿಪೇರಿಯವರು, ಆರು ಗಂಟೆಗೇ ಬೈಕು ಹತ್ತಿ ಯಾರದೋ ತೋಟದಲ್ಲಿರುತ್ತಾರೆ. ಹಾಗಾಗಿ ಎರಡೂವರೆ ವರ್ಷದ ಮಗಳು ತನ್ಮಯೀಯನ್ನು ಮಡಿಲಲ್ಲಿ ಕೂರಿಸಿಕೊಂಡೇ ನಾನು ಕಾರು ಹತ್ತಬೇಕು. ದರ್ಬೆಯ ಬೇಬಿ ಸಿಟ್ಟಿಂಗಿನಲ್ಲಿ ಅವಳನ್ನು ಬಿಟ್ಟು, ಅವಳ ಅಳು ಕೇಳದ ಹಾಗೆ ಓಡಿ ಬಂದು, ಅದೇ ಕಾರಿನಲ್ಲಿ ಸ್ಟೇಷನ್ನಿಗೆ.

ನನಗೆ ಹೆದರಿಕೆ ಜಾಸ್ತಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೇ ಗೊತ್ತಿದೆ. ಮೊದಲ ದಿನ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ "ಅಯ್ಯೋ ಬಸ್ಸು! ನಿಧಾನ, ನಿಧಾನ! ಅಲ್ನೋಡಿ, ದನ!" ಎಂದು ಕೂಗಿದ್ದೆ. ಜವಳಿ ಅಂಗಡಿಗೆ ಹೋಗುವ ಪೂಜಿತಾ, ಮೊಬೈಲ್ ಅಂಗಡಿಯ ನೌಷಾದ್ ಇಬ್ಬರೂ ನಕ್ಕು ಸುಸ್ತಾಗಿದ್ದರು. ಮರುದಿನ ಶೀನಪ್ಪಣ್ಣ ಎಡಬದಿಯ ಮುಂದಿನ ಬಾಗಿಲು ತೆಗೆದು ಹಿಡಿದರು.

"ನೀವು ಇಲ್ಲಿ ಕೂತ್ಕೊಳ್ಳಿ ಅಕ್ಕ. ನಿಮ್ಮ ಬೊಬ್ಬೆ ಹಿಂದಿನಿಂದ ಸಮ ಕೇಳುದಿಲ್ಲ."

ಅಂದಿನಿಂದ ಅದು ನನ್ನ ಸೀಟು. ನಾನು ಎಷ್ಟು ಕೂಗಿದರೂ ಅವರು ಒಮ್ಮೆಯೂ ಸಿಡುಕಲಿಲ್ಲ. ಶ್ರೀಶನ ಬೈಕಿನ ಹಿಂದೆ ಕೂತು ಕೂಗಿದರೆ "ಇಳಿದು ನಡ್ಕೊಂಡು ಬಾ" ಎಂದು ಬೈಸಿಕೊಳ್ಳುತ್ತೇನೆ. ಶೀನಪ್ಪಣ್ಣ ಮಾತ್ರ "ಮತ್ತೆ? ಅದರ ಹಿಂದೆ ಎಂತ ಉಂಟು?" ಎಂದು ಕೇಳುವರು. ನನ್ನ ಮಾತಿಗೆ ಇಷ್ಟು ಬೆಲೆ ಕೊಡುವವರು ಒಬ್ಬರಾದರೂ ಇದ್ದಾರಲ್ಲ ಎಂದು ಒಳಗೊಳಗೇ ಸಂತೋಷ.

ಕಳೆದ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂದು ನಾನು ಐದು ದಿನ ರಜೆ ಹಾಕಿದೆ. ಆ ಐದೂ ದಿನ ಶೀನಪ್ಪಣ್ಣನ ಕಾರು ಹೊರಡಲಿಲ್ಲ. ಕ್ಲಚ್ ಪ್ಲೇಟು ಹೋಗಿದೆ ಅಂದರಂತೆ. ಆರನೆಯ ದಿನ ನಾನು ಹೋದೆ, ಕಾರೂ ಬಂತು. "ಅಕ್ಕನಿಗೆ ಜ್ವರ ಬಂದ್ರೆ ಕಾರಿಗೂ ಬರ್ತದೆ ಮಾರಾಯ್ರೆ" ಎಂದು ನೌಷಾದ್ ನಗಿಸಿದ. ನಾನೂ ನಕ್ಕೆ.

ಈ ಜನವರಿಯ ಒಂದು ಬೆಳಿಗ್ಗೆ ಪೂಜಿತಾ ಪಂಥ ಕಟ್ಟಿದಳು.

"ನಿಶ್ಮಿತಕ್ಕ, ಇವತ್ತು ಸ್ಟೇಷನ್ ಬರುವವರೆಗೆ ನೀವು ಬಾಯಿ ಬಿಡ್ಬಾರ್ದು. ಬಿಡದಿದ್ರೆ ಸಂಜೆ ನಾನು ಗೋಳಿಬಜೆ ತೆಗೆದು ಕೊಡ್ತೇನೆ."

"ಆಗ್ಲಿಕ್ಕಿಲ್ಲ. ಅವರು ಉಸಿರು ಕಟ್ಟಿ ಬೀಳ್ತಾರೆ" ಎಂದ ನೌಷಾದ್.

ನನಗೆ ಛಲ ಬಂತು. ತುಟಿ ಬಿಗಿದು, ಮಗಳನ್ನು ಅಪ್ಪಿಕೊಂಡು ಕೂತೆ. ಹೊರಗೆ ಮಂಜು ದಟ್ಟವಾಗಿತ್ತು. ಪೇಟೆ ದಾಟುವಾಗಲೇ ಶೀನಪ್ಪಣ್ಣ ಒಮ್ಮೆ ನನ್ನ ಕಡೆ ತಿರುಗಿದರು. ಭಕ್ತಕೋಡಿಗೆ ಬರುವಾಗ ಇನ್ನೊಮ್ಮೆ. ಕಾರು ನಿಧಾನವಾಯಿತು, ಮತ್ತೂ ನಿಧಾನವಾಯಿತು. ಹಿಂದಿನಿಂದ ಬಂದ ಸ್ಕೂಟರು ಹಾರ್ನ್ ಹೊಡೆದು ಮುಂದೆ ಹೋಯಿತು. ಸರ್ವೆಯ ಸಂಕ ಇನ್ನು ಸ್ವಲ್ಪ ದೂರ ಇದೆ ಎನ್ನುವಾಗ ಎದುರಿನಿಂದ ಮರ ತುಂಬಿದ ಪಿಕಪ್ ಒಂದು ಲೈಟು ಹಾಕದೆ ನಡುರಸ್ತೆಯಲ್ಲೇ ಬರುವುದು ನನಗೆ ಕಂಡಿತು. ಅವರಿಗೂ ಕಂಡಿರುತ್ತದೆ ಎಂದು ಹಲ್ಲು ಕಚ್ಚಿ ಕೂತೆ. ಕಾರು ಸರಿಯಲಿಲ್ಲ. ನೇರ ಅದರತ್ತಲೇ ಹೋಗುತ್ತಿತ್ತು.

"ಲಾರಿ!" ಎಂದು ಕಿರುಚಿದೆ. ಪಿಕಪ್ ಎಂಬ ಹೆಸರೂ ಬಾಯಿಗೆ ಬರಲಿಲ್ಲ.

ಆ ಕ್ಷಣವೇ ಶೀನಪ್ಪಣ್ಣ ಎಡಕ್ಕೆ ಎಳೆದರು. ಪಿಕಪ್ ಕನ್ನಡಿಗೆ ಸವರಿದ ಹಾಗೆ ದಾಟಿಹೋಯಿತು. ಕಾರು ಚರಂಡಿಯ ಅಂಚಿನಲ್ಲಿ ನಿಂತಿತು. ಹಿಂದಿನಿಂದ "ಸೋತ್ರಿ ಅಕ್ಕ! ಗೋಳಿಬಜೆ ಕ್ಯಾನ್ಸಲ್!" ಎಂಬ ಕೂಗು. ಮಂಜಿನಲ್ಲಿ ಹಿಂದೆ ಕೂತವರಿಗೆ ಏನೂ ಕಂಡಿರಲಿಲ್ಲ. ಶೀನಪ್ಪಣ್ಣ ಕೈವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಇನ್ನು ಸುಮ್ಮನೆ ಕೂತ್ಕೊಳ್ಬೇಡಿ ಅಕ್ಕ. ಎಂತಾದ್ರೂ ಹೇಳ್ತಾ ಇರಿ."

ಸ್ಟೇಷನ್ ಬರುವವರೆಗೂ ಕಂಡದ್ದನ್ನೆಲ್ಲ ಹೇಳುತ್ತಲೇ ಹೋದೆ.

ರೈಲು ಹೊರಡುವ ಹೊತ್ತಿಗೆ ಓಡಿ ಹತ್ತಿದೆವು. ಸೀಟು ಸಿಕ್ಕಿದ ಮೇಲೆ ಪೂಜಿತಾಳ ಕೈ ಹಿಡಿದು ಹೇಳಿದೆ, "ಅವರಿಗೆ ಕಣ್ಣು ಕಾಣಲ್ಲ ಕಣೇ."

"ಯಾರಿಗೆ, ಶೀನಪ್ಪಣ್ಣನಿಗಾ?" ಅವಳು ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಹೋದ ವಾರ ರೈಲಿನ ಚಕ್ರ ಸಡಿಲ ಉಂಟು ಹೇಳಿದ್ದು ನೀವೇ ಅಲ್ವಾ? ಅದರ ಮೊದಲು ನೇತ್ರಾವತಿ ಸೇತುವೆ ಅಲ್ಲಾಡ್ತದೆ ಹೇಳಿದ್ರಿ."

"ಅಕ್ಕ, ಕಣ್ಣಿಲ್ಲದವರು ಇಷ್ಟು ವರ್ಷ ಗಾಡಿ ಓಡಿಸ್ಲಿಕ್ಕುಂಟಾ?" ಎಂದ ನೌಷಾದ್. "ನೀವು ಸ್ವಲ್ಪ ಮಲಗಿ. ಬಂಟ್ವಾಳ ದಾಟಿದ ಮೇಲೆ ಎಬ್ಬಿಸ್ತೇನೆ."

ಸಂಜೆ ಬಸ್ಸಿನಲ್ಲಿ ಮರಳಿ ಸವಣೂರಿನಲ್ಲಿ ಇಳಿದಾಗ ಶೀನಪ್ಪಣ್ಣ ಕಾರಿನ ಪಕ್ಕದ ಕಟ್ಟೆಯಲ್ಲಿ ಒಬ್ಬರೇ ಕೂತಿದ್ದರು. ಮಗಳು "ಅಜ್ಜಾ" ಎಂದಳು. ಅವರು ದನಿ ಬಂದ ಕಡೆಗೆ ಮುಖ ತಿರುಗಿಸಿ ನಕ್ಕರು. ದನಿ ಬಂದ ಕಡೆಗೆ. ಇಷ್ಟು ದಿನ ನಾನು ಅದನ್ನು ನೋಡಿಯೂ ನೋಡಿರಲಿಲ್ಲ.

"ಶೀನಪ್ಪಣ್ಣ, ನಿಮಗೆ ಎಷ್ಟು ಕಾಣತ್ತೆ? ನಿಜ ಹೇಳಿ."

ಅವರು ಕಟ್ಟೆಯಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು.

"ಎಡದ್ದು ಹೋಗಿ ಎರಡು ವರ್ಷ ಆಯ್ತಕ್ಕ. ಶುಗರಿನದ್ದು. ಬಲದ್ದರಲ್ಲಿ ರಸ್ತೆಯ ಬದಿ ಕಾಣ್ತದೆ, ನಡು ಎಲ್ಲ ಹೊಗೆ. ಇನ್ನು ಗಾಡಿ ಮುಟ್ಟಬೇಡ ಅಂತ ಡಾಕ್ಟ್ರು ಹೇಳಿದ್ದಾರೆ. ನನ್ನ ಹೆಂಡತಿ ಅಮ್ಮು ಕೀಯನ್ನೇ ಅಡಗಿಸಿಟ್ಟಳು. ಅವಳಿಗೆ ಗೊತ್ತಿಲ್ಲ, ಇನ್ನೊಂದು ಕೀ ಉಂಟು."

ಎಂದಿನ ಹಾಗೆ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

"ನನ್ನ ಮಗು ಇರತ್ತೆ ಆ ಕಾರಿನಲ್ಲಿ!"

"ಗೊತ್ತುಂಟು. ನೀವು ಬರುವ ಮೊದಲು ಒಂದೊಂದು ಟ್ರಿಪ್ಪಿಗೂ ಜೀವ ಹೋಗಿ ಬರ್ತಿತ್ತು. ನಿಲ್ಲಿಸಿಯೇ ಬಿಡುವ ಅಂತ ಇದ್ದೆ. ಅಷ್ಟೊತ್ತಿಗೆ ನೀವು ಬಂದು ಬೊಬ್ಬೆ ಹಾಕ್ಲಿಕ್ಕೆ ಸುರು ಮಾಡಿದ್ರಿ. ಹೆದರುವವರಿಗೆ ಎಲ್ಲ ಕಾಣ್ತದೆ ಅಕ್ಕ. ನನಗೆ ಕಣ್ಣಿದ್ದಾಗಲೂ ಅಷ್ಟು ಕಾಣ್ತಿರ್ಲಿಲ್ಲ."

"ನಿಲ್ಲಿಸಿಬಿಡಿ. ದಮ್ಮಯ್ಯ."

"ನಿಲ್ಲಿಸ್ತೇನೆ." ಕೈವಸ್ತ್ರವನ್ನು ಮಡಚಿ ಮತ್ತೆ ಮಡಚಿದರು. "ನಾಳೆಯಿಂದ ನೀವು ಹೇಗೆ ಹೋಗುದು?"

ನಾನು ಮಗಳನ್ನು ಎತ್ತಿಕೊಂಡು ಮನೆಯ ದಾರಿ ಹಿಡಿದೆ. ಆ ತಿಂಗಳು ರೈಲು ನಿಧಾನವಾಗಿ ಆಗಲೇ ಎರಡು ಸಲ ಲ್ಯಾಬಿಗೆ ತಡವಾಗಿತ್ತು.

ಮನೆಗೆ ಬಂದು ಶ್ರೀಶನಿಗೆ ಎಲ್ಲ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿದರು. "ಮೊನ್ನೆ ನಿನಗೆ ಗ್ಯಾಸ್ ಸಿಲಿಂಡರು ಉಬ್ಬಿದ ಹಾಗೆ ಕಂಡಿತು. ಈಗ ಶೀನಪ್ಪಣ್ಣನಿಗೆ ಕಣ್ಣಿಲ್ಲ. ಅವರು ನಿನ್ನನ್ನು ಆಡಿಸಿದ್ದು ಮಾರಾಯ್ತಿ, ಅವರು ಎಲ್ಲರನ್ನೂ ಹಾಗೆಯೇ ಆಡಿಸುದು. ಅಷ್ಟು ಹೆದರಿಕೆ ಇದ್ರೆ ಕೆಲಸ ಬಿಡು, ಮಗುವಿಗೂ ಒಳ್ಳೆದು."

ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತಿದ್ದೂ ಶುರು ಮಾಡಿದ್ದು ನನ್ನದೇ ತಪ್ಪು. ಕಾರಿನವರ ವಾಟ್ಸಾಪ್ ಗುಂಪಿಗೆ ಬರೆದು ಅಳಿಸಿದೆ, ಪುನಃ ಬರೆದು ಅಳಿಸಿದೆ. ಸುಳ್ಳೇನೂ ಹೇಳದೆಯೇ ನಾನು ಊರಿನ ಸುಳ್ಳಿಯಾಗಿದ್ದೆ.

ಬೆಳಿಗ್ಗೆ ಏಳಕ್ಕೆ ಕಾರು ಬಂದು ನಮ್ಮ ಕಾಲಬುಡದಲ್ಲೇ ನಿಂತಿತು. ಮಗಳನ್ನು ಹಿಂದೆ ಪೂಜಿತಾಳ ಮಡಿಲಿಗೆ ಕೊಟ್ಟೆ. ಅಷ್ಟೇ ನನಗೆ ಹೊಳೆದ ಉಪಾಯ.

"ಎಂತ ಅಕ್ಕ, ಇವತ್ತು ಕೂಸು ಹಿಂದೆ?" ಎಂದು ಪೂಜಿತಾ ಕೇಳಿದಳು.

ತಡೆಯಲಾಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ. "ಶೀನಪ್ಪಣ್ಣನಿಗೆ ಎದುರು ಬರುವುದು ಕಾಣಲ್ಲ. ನಿನ್ನೆ ಅವರೇ ನನ್ನ ಹತ್ತಿರ ಹೇಳಿದ್ದಾರೆ. ಬೇಕಿದ್ದರೆ ಕೇಳಿ."

ಶೀನಪ್ಪಣ್ಣ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಆಮೇಲೆ ತಿರುಗದೆಯೇ ಹೇಳಿದರು:

"ಹೌದು ಮಕ್ಕಳೇ. ಅಕ್ಕ ಹೇಳಿದ್ದು ಸತ್ಯ. ನನಗೆ ಕಾಣುದಿಲ್ಲ."

ನೌಷಾದ್ ತೊಡೆ ತಟ್ಟಿ ನಕ್ಕ. "ಇಬ್ಬರೂ ಸೇರಿ ನಮ್ಮನ್ನು ಮಂಗ ಮಾಡ್ಲಿಕ್ಕೆ ನೋಡುದು!" ಪೂಜಿತಾ ಬಿದ್ದು ಬಿದ್ದು ನಕ್ಕಳು. ಅವಳು ನಕ್ಕದ್ದು ಕಂಡು ನನ್ನ ಮಗಳೂ ಕೈ ತಟ್ಟಿದಳು. "ಹೊರಡಿ ಶೀನಪ್ಪಣ್ಣ, ರೈಲು ತಪ್ತದೆ" ಎಂದ ನೌಷಾದ್ ಕಣ್ಣೊರೆಸಿಕೊಳ್ಳುತ್ತ.

ಶೀನಪ್ಪಣ್ಣ ಹೊರಡಲಿಲ್ಲ. ಮುಂದಿನ ಬಾಗಿಲು ತೆರೆದೇ ಇತ್ತು. ನಾನು ಹತ್ತದೆ ನಿಂತರೂ ಮಗಳನ್ನು ಬಿಡಬೇಕಾದ ಜಾಗ ದರ್ಬೆಯಲ್ಲೇ ಇತ್ತು, ಕೆಲಸ ಮಂಗಳೂರಿನಲ್ಲೇ ಇತ್ತು. ಹತ್ತಿ ಕೂತೆ. ಬಾಗಿಲು ಎಳೆದುಕೊಂಡೆ.

"ಹೋಗುವನಾ ಅಕ್ಕ?" ಎಂದು ಅವರು ಕೇಳಿದರು.

ನಾನು ಮಂಜಿನೊಳಗೆ ರಸ್ತೆಯ ಆ ತುದಿ ನೋಡಿದೆ, ಈ ತುದಿ ನೋಡಿದೆ.

"ಎದುರು ಏನೂ ಇಲ್ಲ," ಎಂದೆ.

ಕಾರು ಹೊರಟಿತು.