ಯೂರಿಯಾ ನೀರು ಹೊಂಡಕ್ಕೆ ಹೋದದ್ದು

ಹೋದ ಬೇಸಿಗೆ ಬೆಳೆಯ ಹೊತ್ತು. ಬೆಳಿಗ್ಗೆ ತಿಂಡಿ ಮುಗಿಸಿ ಭಾನುವಳ್ಳಿಯಲ್ಲಿ ನನ್ನ ಭಾವನ ಗದ್ದೆಯ ಕೆಳಬದುವಿನ ಮೇಲೆ ನಿಂತಿದ್ದೆ. ಬಲಕ್ಕೆ ಭತ್ತ, ಎಡಕ್ಕೆ ಹೆಚ್ಚಿನ ನೀರು ಹರಿದುಹೋಗುವ ಬಸಿಗಾಲುವೆ. ಹಿಂದಿನ ಸಂಜೆ ಭಾವ ಯೂರಿಯಾ ಎರಚಿ, ನೀರು ಹೊರಹೋಗದಂತೆ ಬದುವಿನ ಗಂಡಿಯನ್ನು ಕೆಸರಿನಿಂದ ಮುಚ್ಚಿದ್ದರು. ಅದನ್ನೂ ನೋಡಿದ್ದೆ.

ಈಗ ನೀರು ಬದುವಿನ ಅಂಚಿಗೆ ಬಂದಿತ್ತು. ಮೇಲಿನ ಗದ್ದೆಯ ಅಜ್ಜ ರಾತ್ರಿ ತಮ್ಮ ಪಾಳಿಯ ನೀರು ಹಾಯಿಸಿ, ಉಳಿದದ್ದನ್ನು ಕೆಳಕ್ಕೆ ಬಿಟ್ಟಿದ್ದರು. ಅಲ್ಲಿ ಹಾಗೆ ಬಿಡಲು ಯಾರೂ ಯಾರನ್ನೂ ಕೇಳುವುದಿಲ್ಲ. ಕೆಳಗಿನವರಿಗೆ ಅದು ಉಪಕಾರ.

"ಅಜ್ಜಾ, ನಿನ್ನೆ ಸಂಜಿ ಗೊಬ್ಬರ ಹಾಕೀನಿ. ಒಂದ್ಮಾತು ಕೇಳಬಾರ್ದಾ?" ಎಂದರು ಭಾವ, ಮೇಲಿನ ಬದುವಿನಲ್ಲಿ ನಿಂತಿದ್ದ ಅಜ್ಜನಿಗೆ.

"ನೀರು ಕೊಡಾಕೂ ಕೇಳ್ಬೇಕೇನಲೇ? ಚಾನಲ್ ಬಂದಾದಾಗ ಹೆಂಗೆ ಓಡಿ ಬರ್ತೀಯ ಅಂತ ನನಗ್ಗೊತ್ತೈತೆ!" ಅಜ್ಜ ನಕ್ಕರು.

ಬದು ಒಂದು ಕಡೆ ಜಗ್ಗತೊಡಗಿತ್ತು. ಅದು ಒಡೆದರೆ ಪೈರೂ ಮಣ್ಣೂ ಹೋಗುತ್ತಿದ್ದವು. ಭಾವ ಸಲಿಕೆಯಿಂದ ಗಂಡಿ ಕಡಿದರು. ನೀರು ಬಸಿಗಾಲುವೆಗೆ ಇಳಿಯಿತು. ನೋಡಲು ತಿಳಿಯಾಗಿಯೇ ಇತ್ತು.

"ನನ್ನ ಯೂರಿಯಾ ಹೊಂಟ್ತು ನೋಡು," ಎಂದರು ಭಾವ. ಆಗ ನಮಗೆ ಕಂಡ ನಷ್ಟ ಅದೊಂದೇ.

ಬಸಿಗಾಲುವೆಯ ತಿರುವಿನಲ್ಲಿ, ಊರವರೆಲ್ಲ ಚಾಚಾ ಎಂದು ಕರೆಯುವ ಒಬ್ಬರು ಒಂದು ಹೊಂಡ ಗುತ್ತಿಗೆ ಹಿಡಿದಿದ್ದರು. ಹರಿಹರದಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. ಕಣ್ಣು ಸೋತ ಮೇಲೆ ಅಂಗಡಿ ಬಿಟ್ಟು ಮೊದಲ ಸಲ ಹೊಂಡಕ್ಕೆ ಮೀನಿನ ಮರಿ ಬಿಟ್ಟಿದ್ದರು. ಅವು ಬೆಳೆದಿದ್ದವು, ಅದೇ ವಾರ ಬಲೆ ಹಾಕಬೇಕಿತ್ತು. ಬಸಿಗಾಲುವೆಯಿಂದ ಹೊಂಡಕ್ಕೆ ಒಂದು ಪೈಪಿತ್ತು. ನಾನು ಅದನ್ನು ನೋಡಿದ್ದು ಮರುದಿನ ಮಧ್ಯಾಹ್ನ, ಅವರು ಕೂಗಿಕೊಂಡಾಗ.

ಮೀನುಗಳು ನೀರಿನ ಮೇಲೆ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಭಾವ ಮೋಟರ್ ತಂದು ಗದ್ದೆಗಳಿಗೆ ನೀರು ತರುವ ಚಾನಲ್‌ನಿಂದ ಹೊಸ ನೀರು ಬಿಟ್ಟರು. ಅಜ್ಜ ಪಂಚೆ ಎತ್ತಿಕಟ್ಟಿ ಪೈಪಿನ ಬಾಯಿಗೆ ಗೋಣಿಚೀಲ ತುರುಕಿದರು. ಸಂಜೆಯ ಹೊತ್ತಿಗೆ ಒಂದು ಮೂಲೆಯ ಮೀನು ಮಾತ್ರ ಅಲುಗಾಡುತ್ತಿದ್ದವು.

ಸತ್ತದ್ದು ಯೂರಿಯಾದಿಂದಲೇ ಎಂದು ನಾನು ಆಣೆ ಮಾಡಲಾರೆ. ನೀರನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ. ಬಿಸಿಲೂ ಬಲವಾಗಿತ್ತು. ಗಂಡಿ ಕಡಿದದ್ದು, ನೀರು ಇಳಿದದ್ದು, ಮೀನು ಬಾಯಿ ತೆರೆದದ್ದು, ಇಷ್ಟನ್ನು ಕಂಡಿದ್ದೇನೆ. ನಡುವಿನದು ನೀರಿನೊಳಗೆ ನಡೆಯಿತು.

"ಯಾರಿಗೆ ಬೈಯಲಿ, ಹೇಳ್ರಿ?" ಎಂದು ಚಾಚಾ ನನ್ನನ್ನು ಕೇಳಿದರು. "ಒಬ್ರು ನೀರು ಕೊಟ್ರು, ಒಬ್ರು ಬದು ಉಳಿಸ್ಕೊಂಡ್ರು."

ಅಜ್ಜನೇ ಹೇಳಿದರು: "ನನಗ ಬೈಯಪ್ಪಾ. ಇನ್ಮೇಲೆ ಕೇಳೇ ನೀರು ಬಿಡ್ತೀನಿ."

ಚಾಚಾ ಬೈಯಲಿಲ್ಲ. ಈ ವರ್ಷ ಹೊಂಡಕ್ಕೆ ಮೀನಿನ ಮರಿಯನ್ನೂ ಬಿಡಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ಕೂತಾಗ ಆ ತಿಳಿ ನೀರು ಇಳಿದುಹೋದದ್ದು ಕಣ್ಣಿಗೆ ಕಟ್ಟುತ್ತದೆ.

ಇದನ್ನು ನನ್ನ ಜೊತೆ ಕಂಡವರು ಮೂವರು: ನನ್ನ ಭಾವ, ಮೇಲಿನ ಗದ್ದೆಯ ಅಜ್ಜ, ಚಾಚಾ. ಮೂವರೂ ಈಗಲೂ ಇದ್ದಾರೆ, ಬೇಕಾದರೆ ಕೇಳಬಹುದು.