ಎಡಗಾಲು ಊರಿದ ಜಾಗ

ಮಧುಗಿರಿಯಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಶುರುಮಾಡಿ ಎರಡು ವರ್ಷವಾಗಿತ್ತು. ಹೊಳವನಹಳ್ಳಿ ಹತ್ತಿರದ ಒಂದು ಊರಿನಿಂದ ಕರೆ ಬಂತು. ಸೈನ್ಯದಿಂದ ನಿವೃತ್ತರಾದವರೊಬ್ಬರಿಗೆ ಸಕ್ಕರೆ ಕಾಯಿಲೆಯಿಂದಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಕೃತಕ ಕಾಲು ಬಂದಿತ್ತು, ಅದರಲ್ಲಿ ನಡೆಯುವುದನ್ನು ಕಲಿಸಬೇಕಿತ್ತು. ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸಾಗುವುದೆಂದು ಒಪ್ಪಿಕೊಂಡೆ.

ಅವರನ್ನು ಯಜಮಾನರೇ ಎಂದು ಕರೆಯುತ್ತಿದ್ದೆ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಹೊತ್ತಿಗೆ ಪಲ್ಟನ್ ಸೇರಿದವರು. ಅಲ್ಲಿ ಅಧಿಕಾರಿಗಳ ಗಾಲ್ಫ್ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಬಿದ್ದು, ಅವರ ಚೀಲ ಹೊತ್ತು, ಚೆಂಡು ಹೆಕ್ಕುತ್ತ, ನೋಡಿ ನೋಡಿಯೇ ಆಟ ಕಲಿತಿದ್ದರು. ಊರಿಗೆ ಬರುವಾಗ ಎರಡು ಹಳೆಯ ಗಾಲ್ಫ್ ಕೋಲು ಮತ್ತು ಒಂದು ಚೀಲ ಚೆಂಡು ತಂದಿದ್ದರು. ಕೆರೆಯ ಪಕ್ಕದಲ್ಲಿದ್ದ ತಮ್ಮ ಹೊಲದಲ್ಲಿ ಕಟಾವು ಮುಗಿದ ಮೇಲೆ ಒಬ್ಬರೇ ನಿಂತು ಹೊಡೆಯುತ್ತಿದ್ದರಂತೆ.

ನಡೆಯಲು ಕಲಿತ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದು ಮೊದಲ ದಿನವೇ ಕೇಳಿದೆ.

"ಚೆಂಡು ಹೊಡೀಬೇಕು" ಅಂದರು.

"ಕೈ ಚೆನ್ನಾಗೇ ಇದೆಯಲ್ಲ, ಹೊಡೆಯಬಹುದು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಎಲ್ರೂ ಅಂಗೇ ತಿಳ್ಕಂಡವ್ರೆ ಕಣಮ್ಮ. ಹೊಡ್ತ ಕೈನಾಗಿಲ್ಲ. ಮೊದ್ಲು ಎಡ ಹಿಮ್ಮಡಿ ನೆಲ ಕಚ್ಚಬೇಕು. ಆಮೇಲೆ ಸೊಂಟ ತಿರುಗ್ಬೇಕು, ಆಮೇಲೆ ಹೆಗಲು. ಕೋಲು ಕಡೇಗೆ ಬರೋದು. ಎಡಗಾಲಿನ ಬೆರಳು ಚೆಂಡು ಹೋಗೋ ಕಡೀಕೆ ಚೂರು ತಿರುಗಿರ್ಬೇಕು, ಇಲ್ದಿದ್ರೆ ಸೊಂಟ ಬಿಚ್ಚಾಕಿಲ್ಲ."

ಅವರಿಗೆ ಇಲ್ಲದ್ದು ಆ ಕಾಲೇ.

ಎರಡು ತಿಂಗಳಲ್ಲಿ ಊರುಗೋಲು ಹಿಡಿದು ಅಂಗಳ ದಾಟುವಷ್ಟಾದರು. ಹಟ ಬಿಡದಿದ್ದಕ್ಕೆ ಒಂದು ಬೆಳಿಗ್ಗೆ ಹೊಲಕ್ಕೆ ಕರೆದುಕೊಂಡು ಹೋದೆ. ಅವರ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ, ಬೀಳದಂತೆ ಎಡ ಸೊಂಟಕ್ಕೆ ನನ್ನ ಅಂಗೈ ಒತ್ತಿ ಹಿಂದೆ ನಿಲ್ಲುವುದೆಂದು ಮಾತಾಗಿತ್ತು. ಹೊಲದ ನಡುವೆ ಸಮತಟ್ಟಾದ ಜಾಗ ಬೇಕಾದಷ್ಟಿತ್ತು. ಅವರು ಅದನ್ನೆಲ್ಲ ದಾಟಿ ಮೂಲೆಗೆ ಹೋದರು. ಎದುರಿಗೆ ಬಾವಿ, ಎಡಕ್ಕೆ ದೂರದಲ್ಲಿ ಬೆಟ್ಟ. ಎರಡು ಸಲ ಹಿಂದೆ ಮುಂದೆ ಸರಿದು ಎಡಗಾಲನ್ನು ಊರಿದರು.

ಚೆಂಡು ಬೆಟ್ಟದ ಕಡೆಗೆ ನೆಟ್ಟಗೆ ಹೋಯಿತು.

ನಾನು ಚೆಂಡಿನ ಕಡೆ ನೋಡಲಿಲ್ಲ. ಕೋಲು ಕೆಳಗಿಳಿಯುವ ಮೊದಲೇ ಕೆಳಗಿನಿಂದ ಒಂದು ಒತ್ತು ಹತ್ತಿ ಬಂದು ನನ್ನ ಅಂಗೈಗೆ ತಾಗಿತ್ತು. ಜೀವ ಇರುವ ಹಿಮ್ಮಡಿ ನೆಲವನ್ನು ಒದ್ದಾಗ ಸೊಂಟಕ್ಕೆ ಬರುವ ಒತ್ತು ಅದು. ರಬ್ಬರಿನ ಪಾದ ಹಾಗೆ ಒದೆಯುವುದಿಲ್ಲ. ತೊಡೆಯ ಸ್ನಾಯುಗಳಿಗೆ ಹಳೆಯ ಅಭ್ಯಾಸ ಮರೆತಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ಹೊಲದ ನಡುವೆ ನಿಲ್ಲಿಸಿದೆ. ಕೋಲು ಬೀಸಿದವರೇ ನನ್ನ ಮೈಮೇಲೆ ಒರಗಿದರು. ಇನ್ನೊಮ್ಮೆಯೂ ಅಷ್ಟೇ. ಮೂಲೆಗೆ ಹೋದ ಕೂಡಲೇ ಹೊಡೆತ ಕೂತಿತು.

"ಇಲ್ಲೇ ಯಾಕೆ ಯಜಮಾನರೇ?"

"ಗೊತ್ತಿಲ್ಲ ಕಣಮ್ಮ. ಇಲ್ಲಿ ನಿಂತ್ರೆ ಕಾಲು ಐತೆ."

ತೆಗೆದ ಕಾಲು ಇನ್ನೂ ಇದೆ ಅನ್ನಿಸುವುದು ಇಂಥವರಲ್ಲಿ ಸಾಮಾನ್ಯ. ಆ ದಿನ ಮಜ್ಜಿಗೆ ಕುಡಿಯುತ್ತ ಅವರ ಹೆಂಡತಿಗೆ, ಹೊಲದ ಮೂಲೆಯಲ್ಲಿ ನಿಂತರೆ ಅವರಿಗೆ ಕಾಲು ಇದೆಯಂತೆ ಎಂದು ನಗುತ್ತ ಹೇಳಿದೆ. ಆಕೆ ರಾಗಿ ಹಸನು ಮಾಡುತ್ತಿದ್ದರು. ಮೊರ ಆಡಿಸುತ್ತಿದ್ದ ಕೈ ನಿಂತಿತು.

"ಯಾವ ಮೂಲೆ?"

"ಬಾವಿ ಎದುರಿನದು."

ಅವರು ಎದ್ದು, ಜಗಲಿಯಲ್ಲಿ ಗಂಡ ಮಲಗಿರುವುದನ್ನು ನೋಡಿ ಬಂದು, ದನಿ ತಗ್ಗಿಸಿ ಹೇಳಿದರು. ಕಾಲು ತೆಗೆದ ದಿನ, ಒಯ್ಯುತ್ತೀರಾ ಎಂದು ಆಸ್ಪತ್ರೆಯವರು ಕೇಳಿದ್ದರು. ಹಾಗೇ ಬಿಟ್ಟು ಬರಲು ಮನಸ್ಸಾಗದೆ ಆಕೆ ಮತ್ತು ಆಕೆಯ ತಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಆ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಗುರುತಿಗೆ ಕಲ್ಲು ಇಟ್ಟಿರಲಿಲ್ಲ. ಆಮೇಲೆ ಎರಡು ಸಲ ಉತ್ತಿದ್ದೂ ಆಗಿತ್ತು.

"ಅವ್ರು ಕೇಳಿದ್ರು. ಆಸ್ಪತ್ರೇರೇ ಎಲ್ಲಾ ಮಾಡ್ಬುಟ್ರು ಅಂದೆ. ನಮ್ಮಿಬ್ರಿಗೆ ಬುಟ್ರೆ ಯಾರ್ಗೂ ತಿಳೀದು ಕಣಮ್ಮ."

ಏನೋ ಕಾಕತಾಳೀಯ ಅಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಚಪ್ಪಲಿಯೊಳಗಿನ ನನ್ನ ಬೆರಳುಗಳನ್ನು ಆಡಿಸಿ ಆಡಿಸಿ ನೋಡಿಕೊಂಡೆ.

ಮುಂದಿನ ಸಲ ಆ ಮೂಲೆಗೆ ಹೆಜ್ಜೆ ಇಡಲು ನನಗೇ ಹಿಂಜರಿಕೆ. ಆದರೂ ಅವರ ಹಿಂದೆ ನಿಂತು ಅಂಗೈ ಇಟ್ಟೆ. ಗಾಳಿ ಇರಲಿಲ್ಲ. ಯಜಮಾನರು ತಲೆ ತಗ್ಗಿಸಿ ಚೆಂಡನ್ನು ನೋಡುತ್ತ ನಿಂತಿದ್ದರು. ಕೋಲು ನೆಲದ ಮೇಲೇ ಇತ್ತು. ಕೆಳಗಿನಿಂದ ಒತ್ತು ಬಂತು. ಒಂದು ಸಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

"ಕಾಲು ಒತ್ತಿದಿರಾ?" ಎಂದು ಕೇಳಿದೆ.

"ಇಲ್ಲ. ನಾನಿನ್ನೂ ಸುರು ಮಾಡಿಲ್ಲ."

ಅವರನ್ನು ಮನೆಗೆ ಕರೆತಂದು, ಒಳಗೆ ಹೋಗಿ, ಅವರಿಗೆ ಹೇಳಿಬಿಡಿ ಅಮ್ಮ ಅಂದೆ. ನನ್ನ ಮುಖ ನೋಡಿ ಆಕೆ ಕೈ ಒರೆಸಿಕೊಂಡು ಎದ್ದರು. ಜಗಲಿಗೆ ಬಂದು ಗಂಡನ ಎದುರು ಕೂತು ಎಲ್ಲವನ್ನೂ ಹೇಳಿದರು. ಯಜಮಾನರು ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಮೊಂಡುಗಾಲನ್ನು ಸವರುತ್ತ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ, ಇಲ್ಲವೇ ಅಳುತ್ತಾರೆ.

"ಬೆರಳು ಯಾವ ಕಡೀಕಿತ್ತು?" ಅಂದರು.

ಆಕೆ ಅಂಗೈಯನ್ನು ಪಾದದಂತೆ ಹಿಡಿದು ತಿರುಗಿಸಿ ತೋರಿಸಿದರು. "ಬಾವಿ ಕಡೀಕೆ. ಚೂರು ಬೆಟ್ಟದ ಕಡೆ ವಾಲಿತ್ತು."

"ಮಲಗ್ಸಿದ್ರಾ?"

"ಇಲ್ಲ. ಮಲಗ್ಸಾಕೆ ಮನ್ಸು ಬರ್ಲಿಲ್ಲ. ನಿಲ್ಸೇ ಮಣ್ಣು ಎಳುದ್ವಿ."

ಅವರು ತಲೆಯಾಡಿಸಿದರು. ಹೆಂಡತಿಯ ಕೈ ಹಿಡಿದು, "ಚೆನ್ನಾಗೇ ಮಾಡಿದ್ಯ ಬುಡು" ಅಂದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಅದಾದ ಮೇಲೆ ಅವರು ಆ ಮೂಲೆಗೆ ಹೋಗಲಿಲ್ಲ. ನೀರಿಲ್ಲದ ಕೆರೆಯಂಗಳಕ್ಕೆ ಹೋಗೋಣ ಅಂದರು. ಅಲ್ಲಿ ಎಲ್ಲವೂ ಮೊದಲಿನಿಂದ. ಬಿದ್ದರು, ಏಳಿಸಿದೆ. ಚೆಂಡು ಬಿಟ್ಟು ಮಣ್ಣಿಗೆ ಹೊಡೆದರು. ರಬ್ಬರಿನ ಪಾದದ ಮೇಲೆ ಭಾರ ಹಾಕುವುದನ್ನು, ತೊಡೆಯ ಬಲದಿಂದಲೇ ಸೊಂಟ ತಿರುಗಿಸುವುದನ್ನು ಕಲಿಯಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ನನ್ನ ಅಂಗೈಗೆ ತಡವಾಗಿ, ತುಸು ಮೊಂಡಾಗಿ ತಾಗುತ್ತಿದ್ದ ಆ ತಿರುಗುವಿಕೆ ಬರೀ ಅವರದು. ಅದು ತಾಗಿದಾಗಲೆಲ್ಲ ನನಗೆ ಉಸಿರು ಹಗುರಾಗುತ್ತಿತ್ತು.

ಕೊನೆಯ ಭೇಟಿಯ ದಿನ ಬೆಲ್ಟು ಬಿಚ್ಚಿ ದೂರ ನಿಂತೆ. ಒಬ್ಬರೇ ಹೊಡೆದರು. ಚೆಂಡು ಮೊದಲಿನ ಅರ್ಧ ದೂರ ಹೋಗಿ ಜಾಲಿ ಗಿಡಗಳ ಹತ್ತಿರ ಬಿತ್ತು. "ಇಷ್ಟು ಸಾಕು" ಎಂದು ಕೋಲನ್ನು ಪಂಚೆಯಂಚಿನಲ್ಲಿ ಒರೆಸಿದರು.

ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಆ ಕಾಲು ಈಗಲೂ ಇದೆ ಅನ್ನಿಸುತ್ತಾ?"

"ಐತೆ. ಇಲ್ಲೀಗಂಟ ಬರಾಕಿಲ್ಲ" ಅಂದರು. ಹೊಲದ ಕಡೆ ತಿರುಗಿ ನೋಡಲೂ ಇಲ್ಲ. "ಅಲ್ಲೇ ನಿಂತ್ಕಂಡೈತೆ."

ಹೊಲದೊಳಗಿಂದ ಹೋದರೆ ಮನೆ ಹತ್ತಿರ. ನಾವಿಬ್ಬರೂ ರಸ್ತೆ ಹಿಡಿದು ಸುತ್ತಿಕೊಂಡು ಹೋದೆವು.